ನಮ್ಮ ಪಾಠದ ಹಿರಿಯ ಮೇಷ್ಟ್ರು ಮಹಾವೀರಾಚಾರ್ಯ

ಸುವರ್ಣ ಮಹೋತ್ಸವ ಸಮಿತಿಯವರು ಮನೆಗೆ ಬಂದು, ನಮ್ಮ ಶಾಲೆಯಲ್ಲಿ ಗಣಿತದ ಪಾಠ ನಡೆದುಬಂದ ರೀತಿಯ ಬಗ್ಗೆ ನಾಲ್ಕು ಪುಟ ಬರೆದುಕೊಡಿ ಎಂದಾಗ ಹೂಂ ಅಂದುಬಿಟ್ಟೆ. ಬರೆಯಲು ಕೂತಾಗ ಕಷ್ಟ ಗೊತ್ತಾಯಿತು. ಯಾವ ವರ್ಷ ಎಷ್ಟು ಮಕ್ಕಳು ಪಾಸಾದರು, ಯಾವ ವರ್ಷ ಪಠ್ಯಪುಸ್ತಕ ಬದಲಾಯಿತು ಎಂಬುದೆಲ್ಲ ಕಚೇರಿಯ ಬೀರುವಿನಲ್ಲಿದೆ. ಅದನ್ನು ಇಲ್ಲಿ ನಕಲು ಮಾಡಿದರೆ ಓದುವವರು ಯಾರು? ಅದರ ಬದಲು, ನಾವು ಐದರಿಂದ ಹತ್ತನೆಯ ತರಗತಿಯವರೆಗೆ ಕಲಿಸುವ ಲೆಕ್ಕಗಳನ್ನು ಸಾವಿರದ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಒಂದು ಪುಸ್ತಕವಾಗಿ ಜೋಡಿಸಿಟ್ಟ ಕನ್ನಡ ನಾಡಿನ ಒಬ್ಬ ಮೇಷ್ಟ್ರ ಬಗ್ಗೆ ಬರೆಯುತ್ತೇನೆ. ಅವರ ಹೆಸರು ಮಹಾವೀರಾಚಾರ್ಯ. ಪುಸ್ತಕದ ಹೆಸರು ಗಣಿತಸಾರಸಂಗ್ರಹ. ನಾನು ಅವರನ್ನು ಓದಲು ಹೊರಟದ್ದಕ್ಕೆ ವಿದ್ವತ್ತು ಕಾರಣವಲ್ಲ, ನಮ್ಮದೇ ತರಗತಿಯಲ್ಲಿ ನಾನು ಮಾಡಿದ ಒಂದು ತಪ್ಪು ಕಾರಣ. ಅದನ್ನೂ ಮುಂದೆ ಹೇಳುತ್ತೇನೆ.

ಮಹಾವೀರಾಚಾರ್ಯರು ಇದ್ದದ್ದು ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ. ಬಾಲಕನಾಗಿದ್ದಾಗಲೇ, 814ರಲ್ಲಿ, ಪಟ್ಟಕ್ಕೆ ಬಂದ ಆ ದೊರೆ ಆರು ದಶಕಕ್ಕೂ ಮೀರಿ ಆಳಿದ. ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ. ಕಾಗಿಣಾ ನದಿಯ ದಡದ ಈ ಊರಿನಲ್ಲಿ ಇವತ್ತಿಗೂ ಕೋಟೆ ಉಳಿದಿದೆ. ನಮಗೆ ಅದು ತುಂಬ ದೂರದ ಊರು ಅನ್ನಿಸಬಹುದು. ಆದರೆ ಆ ಆಸ್ಥಾನದಲ್ಲೇ ಹುಟ್ಟಿದ ಕವಿರಾಜಮಾರ್ಗ ಕನ್ನಡ ನಾಡಿನ ಎಲ್ಲೆ ಹೇಳುವಾಗ ದಕ್ಷಿಣಕ್ಕೆ ಗುರುತಿಸಿದ್ದು ನಮ್ಮ ಕಾವೇರಿಯನ್ನು. ನಮ್ಮ ತಿರುಮಕೂಡಲು ನರಸೀಪುರ ತಾಲ್ಲೂಕಿನ ತಲಕಾಡು ಆಗ ಗಂಗರ ರಾಜಧಾನಿ. ಗಂಗರಿಗೂ ರಾಷ್ಟ್ರಕೂಟರಿಗೂ ಬಹಳ ವರ್ಷ ಯುದ್ಧ ನಡೆಯಿತು. ಕೊನೆಗೆ ಅಮೋಘವರ್ಷ ತನ್ನ ಮಗಳು ಚಂದ್ರೋಬಲಬ್ಬೆಯನ್ನು ಗಂಗರ ರಾಜಕುಮಾರ ಬೂತುಗನಿಗೆ ಕೊಟ್ಟು ನೆಂಟಸ್ತನ ಬೆಳೆಸಿದ. ಅಂದರೆ ಮಹಾವೀರಾಚಾರ್ಯರು ಮೆಚ್ಚಿ ಬರೆದ ದೊರೆಯ ಮನೆಯ ಹೆಣ್ಣುಮಗಳು ನಮ್ಮ ಕಡೆಗೆ ಸೊಸೆಯಾಗಿ ಬಂದವಳು.

ಆ ಕಾಲ ಯುದ್ಧದ ಹಾಗೆ ಓದಿನ ಕಾಲವೂ ಹೌದು. ಆದಿಪುರಾಣದ ಜಿನಸೇನಾಚಾರ್ಯರು ದೊರೆಗೆ ಗುರುವಾಗಿದ್ದರು. ಅವರ ಗುರು ವೀರಸೇನರ ಧವಳಾ ಟೀಕೆಯಲ್ಲಿ ದೊಡ್ಡ ದೊಡ್ಡ ಸಂಖ್ಯೆಗಳ ಸೂಕ್ಷ್ಮ ಲೆಕ್ಕಗಳಿವೆ. ವ್ಯಾಕರಣ, ಕಾವ್ಯ, ಧರ್ಮಶಾಸ್ತ್ರ, ಎಲ್ಲದಕ್ಕೂ ಆಗ ಪಂಡಿತರಿದ್ದರು. ಜೈನ ಧರ್ಮದ ಮಹಾವೀರಾಚಾರ್ಯರು ಕೈಗೆತ್ತಿಕೊಂಡದ್ದು ಗಣಿತವನ್ನು. ತಂದೆ ತಾಯಿ, ಹುಟ್ಟಿದ ಊರು ಎಂದು ತಮ್ಮ ಬಗ್ಗೆ ಅವರು ಪುಸ್ತಕದಲ್ಲಿ ಒಂದು ಸಾಲನ್ನೂ ಖರ್ಚು ಮಾಡಿಲ್ಲ. ಜಿನನಿಗೆ ನಮಸ್ಕಾರ, ದೊರೆಗೆ ಹಾರೈಕೆ, ಹಿಂದಿನ ಗುರುಗಳ ಜ್ಞಾನವೆಂಬ ಕಡಲಿನಿಂದ ಒಂದಿಷ್ಟು ಸಾರ ಎತ್ತಿಕೊಂಡಿದ್ದೇನೆ ಎಂಬ ವಿನಯ, ಆಮೇಲೆ ನೇರವಾಗಿ ಪಾಠ. ಆದ್ದರಿಂದ ಅವರ ಬದುಕನ್ನು ಹೇಳುವುದೆಂದರೆ ಆ ಪುಸ್ತಕವನ್ನು ಹೇಳುವುದೇ.

ಅವರಿಗಿಂತ ಹಿಂದಿನ ಆರ್ಯಭಟ, ಬ್ರಹ್ಮಗುಪ್ತರಂಥ ದೊಡ್ಡವರು ಗಣಿತವನ್ನು ಬರೆದದ್ದು ಬಹುಮಟ್ಟಿಗೆ ಖಗೋಳದ ಗ್ರಂಥದೊಳಗೆ ಒಂದೆರಡು ಅಧ್ಯಾಯವಾಗಿ. ಗ್ರಹಣ ಯಾವಾಗ, ಗ್ರಹ ಎಲ್ಲಿ ಎಂದು ತಿಳಿಯಲು ಎಷ್ಟು ಬೇಕೋ ಅಷ್ಟು. ಮಹಾವೀರಾಚಾರ್ಯರು ಖಗೋಳವನ್ನು ಪಕ್ಕಕ್ಕಿಟ್ಟು, 1,100ಕ್ಕೂ ಹೆಚ್ಚು ಸಂಸ್ಕೃತ ಶ್ಲೋಕಗಳ ಇಡೀ ಪುಸ್ತಕವನ್ನು ಗಣಿತವೊಂದಕ್ಕೇ ಮೀಸಲಿಟ್ಟರು. ಗಣಿತ ಎಲ್ಲೆಲ್ಲಿ ಬೇಕು ಎಂದು ಮೊದಲಲ್ಲೇ ಪಟ್ಟಿ ಕೊಡುತ್ತಾರೆ. ಹಣಕಾಸಿಗೆ ಬೇಕು, ಸಂಗೀತಕ್ಕೆ, ನಾಟಕಕ್ಕೆ, ಅಡುಗೆಗೆ, ವೈದ್ಯಕ್ಕೆ, ಮನೆ ಕಟ್ಟುವುದಕ್ಕೆ, ಛಂದಸ್ಸಿಗೆ, ವ್ಯಾಕರಣಕ್ಕೆ, ಪ್ರೇಮಶಾಸ್ತ್ರಕ್ಕೂ ಬೇಕು. ಲೆಕ್ಕ ಕಲಿತು ಏನು ಮಾಡಬೇಕು ಸಾರ್ ಎಂದು ಪ್ರತಿ ವರ್ಷ ಒಬ್ಬ ಹುಡುಗನಾದರೂ ಕೇಳುತ್ತಿದ್ದ. ನಾನು ಇಂಜಿನಿಯರ್ ಆಗಬಹುದು ಅನ್ನುತ್ತಿದ್ದೆ. ಅಡುಗೆಯನ್ನು ಸೇರಿಸಿದ್ದರೆ ಇನ್ನೂ ನಾಲ್ಕು ಜನ ಕಿವಿಗೊಡುತ್ತಿದ್ದರೇನೋ.

ಪುಸ್ತಕದ ಮೊದಲ ಅಧ್ಯಾಯ ಅಳತೆ, ತೂಕ, ಸಂಖ್ಯೆಗಳ ಹೆಸರು. ಏಕದಿಂದ ಹಿಡಿದು ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಚಿನ್ನದ ತೂಕದ ಕೋಷ್ಟಕದಲ್ಲಿ ಗುಂಜಾ ಬರುತ್ತದೆ, ಅದೇ ನಮ್ಮ ಗುಲಗಂಜಿ. ತಿರುಮಕೂಡಲಿನ ಗುಂಜಾನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆ, ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರಲ್ಲ, ಆ ಮಾತಿನ ಹಿಂದೆ ಇರುವುದು ಅಕ್ಕಸಾಲಿಗನ ತಕ್ಕಡಿ.

ಎರಡನೆಯ ಅಧ್ಯಾಯ ಪರಿಕರ್ಮ. ಅಲ್ಲಿ ಎಂಟು ಕ್ರಿಯೆಗಳಿವೆ: ಗುಣಾಕಾರ, ಭಾಗಾಕಾರ, ವರ್ಗ, ವರ್ಗಮೂಲ, ಘನ, ಘನಮೂಲ, ಶ್ರೇಢಿಯ ಮೊತ್ತ, ಶ್ರೇಢಿಯಿಂದ ಒಂದು ಭಾಗವನ್ನು ಕಳೆಯುವುದು. ಬರೀ ಕೂಡುವುದು, ಬರೀ ಕಳೆಯುವುದು ಇಲ್ಲವೇ ಇಲ್ಲ. ಮೊದಲ ಸಲ ಓದಿದಾಗ ಪುಟ ಬಿಟ್ಟುಹೋಗಿದೆಯೇನೋ ಎಂದುಕೊಂಡೆ. ಆಮೇಲೆ ಅರ್ಥವಾಯಿತು. ಅಷ್ಟು ಮನೆಯಲ್ಲೋ ಕೆಳಗಿನ ಮೇಷ್ಟ್ರ ಹತ್ತಿರವೋ ಕಲಿತೇ ಬಂದಿರುತ್ತಾನೆ ಎಂದು ನಂಬಿ ಪುಸ್ತಕ ಶುರುವಾಗುತ್ತದೆ. ಇದು ಪ್ರಾಥಮಿಕ ಶಾಲೆ ಮುಗಿಸಿದವರ ಪುಸ್ತಕ. ಮುಂದಿನ ಅಧ್ಯಾಯಗಳನ್ನು ನೋಡಿ: ಭಿನ್ನರಾಶಿ, ಭಿನ್ನರಾಶಿಯ ಒಗಟುಗಳು, ತ್ರೈರಾಶಿ, ಬಡ್ಡಿ ಮತ್ತು ಪಾಲು ಬರುವ ಮಿಶ್ರಕ, ಕ್ಷೇತ್ರಗಣಿತ, ಗುಂಡಿ ಇಟ್ಟಿಗೆಗಳ ಖಾತ, ನೆರಳಿನ ಲೆಕ್ಕ. ನಮ್ಮ ಮಾಧ್ಯಮಿಕ ಶಾಲೆಯ ಲ.ಸಾ.ಅ., ಅನುಪಾತ, ಸರಳಬಡ್ಡಿ ಅಲ್ಲಿವೆ. ಪ್ರೌಢಶಾಲೆಯ ಸಮಾಂತರ ಶ್ರೇಢಿ, ಎರಡು ಚರಾಕ್ಷರಗಳ ಸಮೀಕರಣ, ವರ್ಗ ಸಮೀಕರಣ, ಘನಫಲ, ಸಮರೂಪ ತ್ರಿಭುಜಗಳೂ ಅಲ್ಲಿವೆ. ಅಕ್ಷರ ಹಾಕಿ ಬರೆಯುವ ನಮ್ಮ ಪದ್ಧತಿ ಮಾತ್ರ ಇಲ್ಲ, ಎಲ್ಲವೂ ಮಾತಿನಲ್ಲಿ.

ಮಾತು ಎಂಥದು ಎನ್ನುವುದಕ್ಕೆ ಒಂದು ಲೆಕ್ಕ. ಮಾವಿನಹಣ್ಣಿನ ರಾಶಿ ಇದೆ. ದೊರೆ ಆರನೆಯ ಒಂದು ಪಾಲು ತೆಗೆದುಕೊಂಡ. ಉಳಿದದ್ದರಲ್ಲಿ ರಾಣಿ ಐದನೆಯ ಒಂದು ಪಾಲು. ಆಮೇಲೆ ಉಳಿಯುತ್ತಾ ಬಂದದ್ದರಲ್ಲಿ ಮೂವರು ರಾಜಕುಮಾರರು ಕ್ರಮವಾಗಿ ಕಾಲು, ಮೂರನೆಯ ಒಂದು, ಅರ್ಧ ತೆಗೆದುಕೊಂಡರು. ಕಿರಿಯ ಮಗುವಿಗೆ ಉಳಿದದ್ದು ಮೂರು ಹಣ್ಣು. ರಾಶಿಯಲ್ಲಿ ಎಷ್ಟಿದ್ದವು? ಹಿಂದಿನಿಂದ ಬನ್ನಿ. ಕೊನೆಯ ರಾಜಕುಮಾರ ಅರ್ಧ ತೆಗೆದ ಮೇಲೆ ಮೂರು ಉಳಿದರೆ ಅದಕ್ಕೆ ಮುಂಚೆ ಆರು. ಅದಕ್ಕೆ ಮುಂಚೆ ಒಂಬತ್ತು, ಅದಕ್ಕೆ ಮುಂಚೆ ಹನ್ನೆರಡು, ಹದಿನೈದು, ಹದಿನೆಂಟು. ಎಲ್ಲರೂ ತೆಗೆದುಕೊಂಡದ್ದು ಮೂರು ಮೂರೇ! ಪಾಲಿನ ಹೆಸರು ಬೇರೆ, ಹಣ್ಣು ಸಮ. ನಾನು ಮಾವಿನ ಬದಲು ನಂಜನಗೂಡು ರಸಬಾಳೆ ಎಂದು ಬದಲಾಯಿಸಿ ಏಳನೆಯ ತರಗತಿಗೆ ಕೊಡುತ್ತಿದ್ದೆ. ಭಿನ್ನರಾಶಿ ಎಂದರೆ ಮುಖ ಗಂಟಿಕ್ಕುತ್ತಿದ್ದ ಹೆಣ್ಣುಮಕ್ಕಳು ಇದನ್ನು ಕಾಳು ಜೋಡಿಸಿ ಬಿಡಿಸುತ್ತಿದ್ದರು.

ಇನ್ನೊಂದು ಹತ್ತನೆಯವರಿಗೆ. ಒಂಬತ್ತು ಮಾದಳಹಣ್ಣು, ಏಳು ಬೇಲದಹಣ್ಣಿಗೆ ಒಟ್ಟು ಬೆಲೆ 107. ಏಳು ಮಾದಳ, ಒಂಬತ್ತು ಬೇಲಕ್ಕೆ 101. ಒಂದೊಂದರ ಬೆಲೆ ಎಷ್ಟು? ಪಠ್ಯಪುಸ್ತಕದ ವರ್ಜಿಸುವ ವಿಧಾನ ಹಿಡಿದರೆ ಅರ್ಧ ಪುಟ ಬೇಕು. ಎರಡನ್ನೂ ಕೂಡಿ: ಹದಿನಾರು ಮಾದಳ, ಹದಿನಾರು ಬೇಲಕ್ಕೆ 208, ಅಂದರೆ ಒಂದು ಜೋಡಿಗೆ 13. ಒಂದರಲ್ಲಿ ಇನ್ನೊಂದನ್ನು ಕಳೆದರೆ ಎರಡು ಮಾದಳಕ್ಕೂ ಎರಡು ಬೇಲಕ್ಕೂ ವ್ಯತ್ಯಾಸ 6, ಒಂದೊಂದಕ್ಕೆ 3. ಮೊತ್ತ 13, ವ್ಯತ್ಯಾಸ 3. ಮಾದಳ 8, ಬೇಲ 5. ಸಂತೆಯಲ್ಲಿ ನಿಂತೇ ಮಾಡಬಹುದು.

ದಾರಿಯಲ್ಲಿ ಬಿದ್ದ ಹಣದ ಚೀಲವನ್ನು ಮೂವರು ವ್ಯಾಪಾರಿಗಳು ಕಂಡ ಲೆಕ್ಕವೂ ಚೆನ್ನ. ಚೀಲ ನನಗೆ ಸಿಕ್ಕಿದರೆ ನಿಮ್ಮಿಬ್ಬರ ಹಣದ ಎರಡರಷ್ಟು ನನ್ನದಾಗುತ್ತದೆ ಎನ್ನುತ್ತಾನೆ ಒಬ್ಬ. ಮೂರರಷ್ಟು ಎನ್ನುತ್ತಾನೆ ಇನ್ನೊಬ್ಬ. ಐದರಷ್ಟು ಎನ್ನುತ್ತಾನೆ ಮತ್ತೊಬ್ಬ. ಅವರ ಕೈಯಲ್ಲಿದ್ದದ್ದು 1, 3, 5, ಚೀಲದಲ್ಲಿ 15. ಓದುಗರು ತಾಳೆ ನೋಡಿಕೊಳ್ಳಬಹುದು.

ಬರೀ ಅಂದಕ್ಕಾಗಿ ಅವರು ಕಟ್ಟಿದ ಸಂಖ್ಯಾಹಾರಗಳೂ ಇವೆ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು, 11111111. 142857143ನ್ನು 7ರಿಂದ ಗುಣಿಸಿದರೆ 1000000001. 27994681ನ್ನು 441ರಿಂದ ಗುಣಿಸಿದರೆ 12345654321, ಎಡದಿಂದ ಓದಿ ಬಲದಿಂದ ಓದಿ ಒಂದೇ. ಕೊನೆಯ ಪಿರಿಯಡ್ಡಿನಲ್ಲಿ ಮಕ್ಕಳು ತೂಕಡಿಸುವಾಗ ಇದನ್ನು ಕೊಟ್ಟರೆ ಸಾಕು. ಗುಣಾಕಾರ ತಪ್ಪಿದರೆ ಹಾರದ ಒಂದು ಮಣಿ ಬಿದ್ದುಹೋಗುತ್ತದೆ, ನಾನು ತಿದ್ದಬೇಕಾಗಿಯೇ ಇರಲಿಲ್ಲ.

ಷಡ್ರಸಗಳ ಲೆಕ್ಕ ನೆನಪಾಗುತ್ತಿದೆ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು, ಈ ಆರು ರುಚಿಗಳನ್ನು ಒಂದೊಂದಾಗಿ, ಎರಡೆರಡಾಗಿ, ಹೀಗೆ ಆರೂ ಸೇರುವವರೆಗೆ ಎಷ್ಟು ಬಗೆಯಲ್ಲಿ ಬೆರೆಸಬಹುದು? 6, 15, 20, 15, 6, 1, ಒಟ್ಟು 63. ಇದಕ್ಕೆ ಎಷ್ಟು ವಸ್ತುವಿಗೂ ಅನ್ವಯಿಸುವ ಸೂತ್ರವನ್ನು ಅವರು ಕೊಟ್ಟಿದ್ದಾರೆ. ಇಂದು ನಾವು ವಿಕಲ್ಪ ಎಂದು ಕರೆಯುವ ಅದೇ ಸೂತ್ರ. ನಮ್ಮಲ್ಲಿ ಕ್ರಮಯೋಜನೆ ಮತ್ತು ವಿಕಲ್ಪ ಮೊದಲು ಹತ್ತನೆಯ ತರಗತಿಗೇ ಇತ್ತು. ಹೊಸ ಪುಸ್ತಕ ಬಂದ ಮೇಲೆ ಪಿಯುಸಿಗೆ ಹೋಯಿತು. ಹೋದದ್ದು ನನಗೆ ಬೇಸರ. ಹತ್ತಕ್ಕೇ ಓದು ನಿಲ್ಲಿಸುವ ಮಕ್ಕಳಿಗೆ ಅದು ಸಿಗದೇ ಹೋಯಿತು.

ಇನ್ನು ಬಡ್ಡಿ. ನಮ್ಮ ಊರುಗಳಲ್ಲಿ ಗಣಿತ ಬಾರದಿದ್ದರೆ ನಷ್ಟ ಎಲ್ಲಿ ಎಂದು ಕೇಳಿದರೆ ನಾನು ಮೊದಲು ತೋರಿಸುವುದು ಬಡ್ಡಿಯನ್ನು. ಕೈಸಾಲ ಕೊಡುವವರು ನೂರಕ್ಕೆ ಮೂರು ಎನ್ನುತ್ತಾರೆ. ಬ್ಯಾಂಕಿನವರು ನೂರಕ್ಕೆ ಹನ್ನೆರಡು ಎನ್ನುತ್ತಾರೆ. ಮೂರು ಸಣ್ಣದು, ಹನ್ನೆರಡು ದೊಡ್ಡದು ಎಂದುಕೊಂಡು ಮೋಸ ಹೋದ ಮನೆಗಳನ್ನು ನಾನು ಕಂಡಿದ್ದೇನೆ. ಮೂರು ತಿಂಗಳಿಗೆ, ಹನ್ನೆರಡು ವರ್ಷಕ್ಕೆ. ಹತ್ತು ಸಾವಿರಕ್ಕೆ ಅಲ್ಲಿ ವರ್ಷಕ್ಕೆ 3,600 ರೂಪಾಯಿ, ಇಲ್ಲಿ 1,200. ಮಹಾವೀರಾಚಾರ್ಯರ ಬಡ್ಡಿ ಲೆಕ್ಕಗಳಲ್ಲಿ ದರ ಹೇಳುವುದು ನಮ್ಮ ಊರಿನ ರೀತಿಯಲ್ಲೇ, ತಿಂಗಳಿಗೆ ನೂರಕ್ಕೆ ಇಷ್ಟು ಎಂದು. ಪಠ್ಯಪುಸ್ತಕದಲ್ಲಿ ಎಲ್ಲವೂ ವಾರ್ಷಿಕ. ಮಗು ಪರೀಕ್ಷೆಯಲ್ಲಿ ಸರಿಯಾಗಿ ಬರೆದು, ಮನೆಯ ಜಗಲಿಯಲ್ಲಿ ಅಪ್ಪನ ಸಾಲದ ಮಾತು ಕೇಳುವಾಗ ಅದೇ ಲೆಕ್ಕ ಇದು ಎಂದು ಗುರುತಿಸದೆ ಹೋಗುತ್ತದೆ.

ಅವರ ಅಧ್ಯಾಯದ ಹೆಸರೇ ಮಿಶ್ರಕ, ಬೆರೆತದ್ದು. ಅಸಲು ಬಡ್ಡಿ ಎರಡೂ ಬೆರೆತ ಮೊತ್ತ ಗೊತ್ತಿದೆ, ಬೇರೆ ಮಾಡಬೇಕು. ಸಾಲದವನು ವರ್ಷದ ಕೊನೆಗೆ ಒಟ್ಟು 13,600 ಕೊಡು ಎನ್ನುತ್ತಾನೆ ಅನ್ನಿ. ದರ ತಿಂಗಳಿಗೆ ನೂರಕ್ಕೆ ಮೂರು. ನೂರು ರೂಪಾಯಿ ವರ್ಷಕ್ಕೆ 136 ಆಗುತ್ತದೆ. 13,600ರಲ್ಲಿ ಅಂಥ ನೂರು 136 ಇವೆ, ಆದ್ದರಿಂದ ಅಸಲು ಹತ್ತು ಸಾವಿರ. ಕೈಗೆ ಸಿಕ್ಕಿದ್ದು ಒಂಬತ್ತೂವರೆ ಸಾವಿರವೇ ಆಗಿದ್ದರೆ ಎಲ್ಲೋ ಐನೂರು ಮುರಿದುಕೊಂಡಿದ್ದಾರೆ ಎಂದು ಆಗ ಗೊತ್ತಾಗುತ್ತದೆ. ಒಬ್ಬ ಹುಡುಗಿ ಒಂಬತ್ತನೆಯ ತರಗತಿಯಲ್ಲಿ ಇದನ್ನು ಕಲಿತು ಮನೆಯ ಸಾಲದ ಚೀಟಿ ತಂದು ತೋರಿಸಿದಳು. ಲೆಕ್ಕ ಅವಳೇ ಮಾಡಿದ್ದಳು, ಸರಿಯಾಗಿತ್ತು. ಮುಂದೆ ಅವಳ ಮನೆಯವರು ಏನು ಮಾಡಿದರೋ ನಾನು ಕೇಳಲು ಹೋಗಲಿಲ್ಲ.

ಜಮೀನಿನ ಲೆಕ್ಕ ಇದಕ್ಕಿಂತ ಸೂಕ್ಷ್ಮ. ನಾಲ್ಕು ಮೂಲೆಯ ಹೊಲದ ವಿಸ್ತೀರ್ಣಕ್ಕೆ ಮಹಾವೀರಾಚಾರ್ಯರು ಎರಡು ದಾರಿ ಹೇಳುತ್ತಾರೆ: ಒಂದು ವ್ಯವಹಾರಕ್ಕೆ ಸಾಕಾಗುವ ಸ್ಥೂಲ ಲೆಕ್ಕ, ಇನ್ನೊಂದು ಸೂಕ್ಷ್ಮ ಲೆಕ್ಕ. ಸ್ಥೂಲ ಲೆಕ್ಕವೆಂದರೆ ಎದುರುಬದುರು ಬದಿಗಳ ಸರಾಸರಿಗಳನ್ನು ಗುಣಿಸುವುದು. ಹಗ್ಗ ಹಿಡಿದು ಹೊಲ ಅಳೆಯುವವರು ಹಿಂದೆ ಮಾಡುತ್ತಿದ್ದದ್ದೂ ಇದನ್ನೇ. ಮೂಲೆಗಳು ನೇರವಾಗಿದ್ದರೆ ಇದು ಸರಿ. ಹೊಲ ವಾರೆಯಾಗಿದ್ದರೆ ಇದು ಯಾವಾಗಲೂ ಹೆಚ್ಚು ತೋರಿಸುತ್ತದೆ, ಕಡಿಮೆ ತೋರಿಸುವುದೇ ಇಲ್ಲ. ನಾಲ್ಕೂ ಬದಿ 50 ಮೀಟರ್ ಇರುವ ವಾರೆ ಹೊಲ ತೆಗೆದುಕೊಳ್ಳಿ, ಕರ್ಣಗಳು 60 ಮತ್ತು 80 ಮೀಟರ್. ಸ್ಥೂಲ ಲೆಕ್ಕದಲ್ಲಿ 2,500 ಚದರ ಮೀಟರ್. ಕರ್ಣಗಳನ್ನು ಗುಣಿಸಿ ಅರ್ಧ ಮಾಡಿದರೆ ನಿಜವಾದ ವಿಸ್ತೀರ್ಣ 2,400. ವ್ಯತ್ಯಾಸ 100 ಚದರ ಮೀಟರ್, ಹೆಚ್ಚುಕಡಿಮೆ ಒಂದು ಗುಂಟೆ. ಅಣ್ಣತಮ್ಮಂದಿರು ಒಂದು ಗುಂಟೆಗೆ ಕೋರ್ಟಿಗೆ ಹೋಗುವ ಸೀಮೆ ನಮ್ಮದು. ಅಳೆದವನು ಮೋಸ ಮಾಡಿರಲಿಕ್ಕಿಲ್ಲ, ಸೂತ್ರ ಮಾಡಿರಬಹುದು. ವೃತ್ತಕ್ಕೂ ಹೀಗೆಯೇ: ಸುತ್ತಳತೆ ವ್ಯಾಸದ ಮೂರರಷ್ಟು ಎಂದು ಸ್ಥೂಲಕ್ಕೆ, ಹತ್ತರ ವರ್ಗಮೂಲದಷ್ಟು ಎಂದು ಸೂಕ್ಷ್ಮಕ್ಕೆ. ಅದು ಸುಮಾರು 3.162. ನಮ್ಮ 22/7 ಇದಕ್ಕಿಂತ ಹತ್ತಿರ. ಎಲ್ಲಿ ಅಂದಾಜು ಸಾಕು, ಎಲ್ಲಿ ಸಾಲದು ಎಂದು ಬೇರೆ ಮಾಡಿ ಹೇಳಿದ್ದು ನನಗೆ ಬಹಳ ಹಿಡಿಸಿತು.

ನೆರಳಿನ ಅಧ್ಯಾಯವನ್ನು ನಂಜನಗೂಡಿನ ಗೋಪುರಕ್ಕೆ ಅನ್ವಯಿಸಿ ಪಾಠ ಮಾಡಿದ್ದುಂಟು. ಶ್ರೀಕಂಠೇಶ್ವರನ ಏಳಂತಸ್ತಿನ ಗೋಪುರ 120 ಅಡಿ ಎಂದು ಎಲ್ಲರೂ ಹೇಳುತ್ತಾರೆ. ಮೂರಡಿ ಕೋಲಿನ ನೆರಳು ಎರಡಡಿ ಇರುವ ಹೊತ್ತಿಗೆ ಅದರ ನೆರಳು ಎಷ್ಟಿರಬೇಕು ಎಂದರೆ ಮಕ್ಕಳು 80 ಎಂದು ಕೂಗುತ್ತಿದ್ದರು. ನೆರಳನ್ನು ಗೋಡೆಯ ಬುಡದಿಂದ ಅಳೆಯಬೇಕೋ ಗೋಪುರದ ನಡುವಿನಿಂದಲೋ ಎಂದು ಕೇಳಿದರೆ ಗದ್ದಲ ನಿಲ್ಲುತ್ತಿತ್ತು.

ಈಗ ನನ್ನ ತಪ್ಪಿನ ವಿಷಯ. ತೊಂಬತ್ತರ ದಶಕದ ಮಾತು. ಎಂಟನೆಯ ತರಗತಿ. ಐದನ್ನು ಸೊನ್ನೆಯಿಂದ ಭಾಗಿಸಿದರೆ ಎಷ್ಟು ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಐದು ಅಂದ. ಹೇಗೆ ಎಂದು ಕೇಳಿದೆ. ಐದು ಮೇಕೆ ಇವೆ, ಹಂಚಿಕೊಳ್ಳಲು ಯಾರೂ ಇಲ್ಲ, ಮೇಕೆ ಕೊಟ್ಟಿಗೆಯಲ್ಲೇ ಇರುತ್ತವೆ ಎಂದ. ಅವನು ಶಾಲೆಗೆ ಬರುವ ಮೊದಲು, ಹೋದ ಮೇಲೆ ಮೇಕೆ ಕಾಯುತ್ತಿದ್ದ ಹುಡುಗ. ನಾನು ಅವನ ಮೇಕೆಗಳ ಮೇಲೊಂದು ತಮಾಷೆ ಮಾಡಿದೆ. ಏನೆಂದು ಬರೆಯಲು ನಾಚಿಕೆಯಾಗುತ್ತದೆ. ತರಗತಿ ಇಡೀ ನಕ್ಕಿತು. ಅವನಿಗೆ ಅಂದಿನಿಂದ ಅದೇ ಹೆಸರು ಉಳಿಯಿತು. ದಸರಾ ರಜೆ ಮುಗಿದ ಮೇಲೆ ಅವನು ಬರಲಿಲ್ಲ. ಮನೆಯಲ್ಲಿ ಬಡತನವಿತ್ತು, ಬೇರೆ ಕಾರಣಗಳೂ ಇದ್ದಿರಬೇಕು. ಆದರೆ ಅವನ ಮನೆ ಶಾಲೆಯಿಂದ ಒಂದು ಮೈಲಿ, ನಾನು ಒಮ್ಮೆಯೂ ಹೋಗಿ ಕೇಳಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿನ ಮೇಲೆ ಕೆಂಪು ಗೆರೆ ಎಳೆದವನು ನಾನೇ.

ಹತ್ತು ವರ್ಷದ ಮೇಲೆ ಮೈಸೂರಿನಲ್ಲಿ ಒಂದು ತರಬೇತಿ. ಅಲ್ಲಿ ಯಾರೋ ಮಹಾವೀರಾಚಾರ್ಯರ ಹೆಸರು ಹೇಳುತ್ತಾ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದು ಅವರು ತಪ್ಪಾಗಿ ಬರೆದಿದ್ದಾರೆ ಎಂದರು. ನಾನು ಕುಳಿತಲ್ಲೇ ಬೆವತೆ. ಗಣಿತಸಾರಸಂಗ್ರಹವನ್ನು ಹುಡುಕಿ ಓದಿದ್ದು ಆಮೇಲೆ. ಹೌದು, ಸೊನ್ನೆಯಿಂದ ಗುಣಿಸಿದರೆ ಸೊನ್ನೆ, ಸೊನ್ನೆಯನ್ನು ಕೂಡಿದರೂ ಕಳೆದರೂ ಅದರಿಂದ ಭಾಗಿಸಿದರೂ ಸಂಖ್ಯೆ ಹಾಗೆಯೇ ಉಳಿಯುತ್ತದೆ ಎಂದೇ ಇದೆ. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯರು ಅಂಥ ರಾಶಿಯನ್ನು ಖಹರ ಎಂದು ಕರೆದು ಅನಂತದೊಡನೆ ಹೋಲಿಸಿದರು. ಇಂದಿನ ಗಣಿತ ಅದಕ್ಕೆ ಅರ್ಥವನ್ನೇ ಕೊಡುವುದಿಲ್ಲ. ಭಾಗಾಕಾರವೆಂದರೆ ಹಂಚುವುದು ಮಾತ್ರ ಎಂದು ತಿಳಿದವರಿಗೆ, ಹಂಚಿಕೊಳ್ಳುವವರಿಲ್ಲದಿದ್ದರೆ ಐದು ಐದಾಗಿಯೇ ಉಳಿಯುತ್ತದೆ ಎಂಬುದು ಸಹಜವಾದ ಉತ್ತರ. ಅದೇ ಪುಸ್ತಕದಲ್ಲಿ ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಬರೆದವರೂ ಅವರೇ. ಎಸ್ಸೆಸ್ಸೆಲ್ಸಿಯಲ್ಲಿ ಇಂದಿಗೂ ನಾವು ಕಲಿಸುವುದು ಅಷ್ಟನ್ನೇ. ಅಷ್ಟು ದೂರ ನೋಡಿದ ಕಣ್ಣು ಸೊನ್ನೆಯ ಹತ್ತಿರ ಎಡವಿತು. ಮೇಕೆ ಕಾಯುವ ಹುಡುಗ ಎಡವಿದ್ದು ಅದೇ ಕಲ್ಲಿಗೆ.

ಪುಸ್ತಕದ ಮುಂದಿನ ಕಥೆಯನ್ನು ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಹನ್ನೆರಡನೆಯ ಶತಮಾನದಲ್ಲಿ ನಮ್ಮ ರಾಜಾದಿತ್ಯ ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಪುಸ್ತಕಗಳನ್ನು ಕನ್ನಡದಲ್ಲೇ ಬರೆದು ಆ ದಾರಿಯಲ್ಲಿ ನಡೆದ. ಆಮೇಲೆ ಬಹುಕಾಲ ಮಹಾವೀರಾಚಾರ್ಯರ ಪುಸ್ತಕ ತಾಳೆಗರಿಗಳಲ್ಲಿ, ಹೆಚ್ಚಾಗಿ ಕನ್ನಡ ಲಿಪಿಯಲ್ಲಿ, ಜೈನ ಮಠಗಳಲ್ಲೂ ಪಂಡಿತರ ಮನೆಗಳಲ್ಲೂ ಉಳಿಯಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಮದರಾಸಿನ ಪ್ರತಿಗಳ ಜೊತೆಗೆ ಮೂಡಬಿದಿರೆಯ ಜೈನ ಮಠದ ಪ್ರತಿಯನ್ನೂ, ನಮ್ಮ ಮೈಸೂರಿನ ಓರಿಯೆಂಟಲ್ ಲೈಬ್ರರಿಯಿಂದ ವಲ್ಲಭನ ಕನ್ನಡ ಟೀಕೆಯಿದ್ದ ಪ್ರತಿಯನ್ನೂ ತರಿಸಿಕೊಂಡು ತಾಳೆ ನೋಡಿದರು. ಅಮೆರಿಕದ ಡೇವಿಡ್ ಯೂಜಿನ್ ಸ್ಮಿತ್ 1908ರಲ್ಲಿ ರೋಮ್ ನಗರದ ಗಣಿತಜ್ಞರ ಸಮ್ಮೇಳನದಲ್ಲಿ ಈ ಪುಸ್ತಕದ ಬಗ್ಗೆ ಮಾತಾಡಿದರು. 1912ರಲ್ಲಿ ಇಂಗ್ಲಿಷ್ ಅನುವಾದದೊಡನೆ ಅಚ್ಚಾಯಿತು. ಪದ್ಮಾವತಮ್ಮನವರ ಕನ್ನಡ ಅನುವಾದವಿರುವ ಆವೃತ್ತಿ ಹೊಂಬುಜದಿಂದ 2000ದಲ್ಲಿ ಬಂತು. ನಮ್ಮ ಶಾಲೆಯ ಗ್ರಂಥಾಲಯಕ್ಕೆ ಅದರ ಒಂದು ಪ್ರತಿಯನ್ನು ಸಮಿತಿಯವರು ತರಿಸಿಡಬೇಕೆಂದು ಈ ಲೇಖನದ ಮೂಲಕವೇ ಕೇಳುತ್ತಿದ್ದೇನೆ.

ಮಹೋತ್ಸವಕ್ಕಾಗಿ ಶಾಲೆಯ ಹಿಂದಿನ ಕಾಂಪೌಂಡ್ ಕಟ್ಟುವ ಕೆಲಸ ನಡೆಯುತ್ತಿದೆಯಲ್ಲ, ಅದನ್ನು ನೋಡಲು ಹೋದಾಗ ಮೇಸ್ತ್ರಿ ನನ್ನನ್ನು ಗುರುತಿಸಿದರು. ಅದೇ ಹುಡುಗ. ಈಗ ಅವರ ಕೈಕೆಳಗೆ ಆರು ಜನ. ಗೋಡೆಯ ಉದ್ದ ಎತ್ತರ ದಪ್ಪ ನೋಡಿ ಎಷ್ಟು ಲೋಡ್ ಇಟ್ಟಿಗೆ ಬೇಕೆಂದು ಪೆನ್ಸಿಲ್ ಮುಟ್ಟದೆ ಹೇಳಿದರು, ಮಹಾವೀರಾಚಾರ್ಯರ ಖಾತ ಅಧ್ಯಾಯವೇ. ನಾನು ಅಂದಿನ ದಿನವನ್ನು ಎತ್ತಿದೆ. ಅವರು ಮರೆತಿರಲಿಲ್ಲ. ಕ್ಷಮೆ ಕೇಳಿದೆ. ರಾಷ್ಟ್ರಕೂಟರ ಕಾಲದ ದೊಡ್ಡ ಆಚಾರ್ಯರೊಬ್ಬರೂ ಅದೇ ಉತ್ತರ ಬರೆದಿದ್ದರು ಎಂದೂ ಹೇಳಿದೆ. ಅವರು ಸ್ವಲ್ಪ ಹೊತ್ತು ಕರಣೆಯ ಅಂಚನ್ನು ಕೆರೆಯುತ್ತಾ ನಿಂತು, ಹಾಗಾದರೆ ಸರಿ ಉತ್ತರ ಯಾವುದು ಸಾರ್, ಅದನ್ನು ನೀವು ಅವತ್ತೂ ಹೇಳಲಿಲ್ಲ ಎಂದರು.

ಮರಳಿನ ಮೇಲೆ ಬರೆದು ತೋರಿಸಿದೆ. ಹತ್ತರಲ್ಲಿ ಎರಡೆರಡು ತೆಗೆಯುತ್ತಾ ಹೋದರೆ ಐದು ಸಲಕ್ಕೆ ಮುಗಿಯುತ್ತದೆ, ಆದ್ದರಿಂದ ಉತ್ತರ ಐದು. ಐದರಲ್ಲಿ ಸೊನ್ನೆ ಸೊನ್ನೆ ತೆಗೆಯುತ್ತಾ ಹೋದರೆ ಎಷ್ಟು ಸಲಕ್ಕೂ ಮುಗಿಯುವುದಿಲ್ಲ. ಸೊನ್ನೆಯಿಂದ ಗುಣಿಸಿದರೆ ಐದು ಬರುವಂಥ ಸಂಖ್ಯೆ ಹುಡುಕಿದರೂ ಸಿಗುವುದಿಲ್ಲ. ಅದಕ್ಕೇ ಉತ್ತರವಿಲ್ಲ. ಅವರು ಎರಡು ಸಲ ಓದಿಕೊಂಡರು. ಮಧ್ಯಾಹ್ನದ ಬುತ್ತಿ ತಂದಿದ್ದ ಮಗಳನ್ನು ಕರೆದು ನೋಡಮ್ಮ ಎಂದರು. ಅವಳು ನಮ್ಮ ಶಾಲೆಯಲ್ಲೇ ಒಂಬತ್ತನೆಯ ತರಗತಿ. ಇದು ನಮಗೆ ಆಗಲೇ ಆಗಿದೆ ಅಪ್ಪ, ವ್ಯಾಖ್ಯಾನಿಸಲಾಗದು ಎಂದು ಬರೆಯಬೇಕು ಎಂದು ಹೇಳಿ ಬುತ್ತಿ ಬಿಚ್ಚಿದಳು. ಅವರು ನಕ್ಕರು. ಸಂಜೆಗೆ ಇನ್ನೂ ಎರಡು ವರಸೆ ಏರಿಸಬೇಕಿತ್ತು. ಊಟ ಮುಗಿಸಿ ಅದೇ ಮರಳನ್ನು ಸಿಮೆಂಟಿಗೆ ಬೆರೆಸಿಕೊಂಡರು.